ತಂತ್ರಾಂಶದಲ್ಲಿ ಅಧಿಕಾರಿವಿಚಾರ: ಕನ್ನಡ ಲಿಪಿಸಂಕೇತದ ನಿದರ್ಶನ

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧಗಳೊಡನೆ ಅಧಿಕಾರಿಯನ್ನೂ ನಿರ್ಣಯಿಸುವುದು ನಮ್ಮ ಪೂರ್ವಿಕರ ಪದ್ಧತಿಯೆಂಬುದು ವಿದ್ವಾಂಸರಿಗೆ ಸುವಿದಿತವಷ್ಟೆ. ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರಿಗೂ ಈ ವಿಚಾರವು ಅವಶ್ಯವಾದುದು. ಭೇದವಿಷ್ಟೆ: ಗ್ರಂಥಕಾರನು ಅನಧಿಕಾರಿಯನ್ನು ಬಿಟ್ಟು ಮುಂದೆ ಸಾಗಬಹುದು, ತಂತ್ರಾಂಶಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಹಳಗನ್ನಡದ ಸಂಪಾದಕನು, ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವನು, ದೃಷ್ಟಿಯಿಲ್ಲದೆ ಕಿವಿಯಿಂದಲೇ ಓದುವವನು, ಇವರೆಲ್ಲರೂ ಒಂದೇ ಲಿಪಿಸಂಕೇತವನ್ನು ಆಶ್ರಯಿಸಿರುವರು. ರಚಿಸುವವನ ಅನುಭವಕ್ಕೆ ಬಾರದವನು ಹೇಗೆ ಹೊರಗುಳಿಯುವನೆಂಬುದನ್ನು ಇಲ್ಲಿ ಪರಿಶೀಲಿಸುವೆವು.

ಯೂನಿಕೋಡ್ ಎಂಬ ಸಂಕೇತದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯು ನಿಯತವಾಗಿದೆ. ೧೯೯೧ರಲ್ಲಿ ಹೊರಬಂದ ಇದರ ಮೊದಲ ಆವೃತ್ತಿಯು ಭಾರತೀಯ ಲಿಪಿಗಳ ವಿಷಯದಲ್ಲಿ ೧೯೮೮ರ ಇಸ್ಕಿ ಸಂಕೇತವನ್ನು ಅನುಸರಿಸಿತು. ನಾಗರಿಯಲ್ಲಿ ಯಾವ ವರ್ಣಕ್ಕೆ ಯಾವ ಸ್ಥಾನವೋ ಇತರ ಲಿಪಿಗಳಲ್ಲಿಯೂ ಸಾಮಾನ್ಯವಾಗಿ ಅದೇ ಸ್ಥಾನ. ಇದರ ಸೌಕರ್ಯವು ಅಲ್ಪವಲ್ಲ. ಆದರೆ ನಮ್ಮ ವರ್ಣಮಾಲೆಯಲ್ಲಿ ಹಕಾರದ ಅನಂತರ ಬರುವ ಳಕಾರವು ಅಲ್ಲಿ ಲಕಾರದ ಬೆನ್ನಿಗೇ ಬಂದಿತು. ಬರಿಯ ಸಂಖ್ಯೆಗಳನ್ನು ನೋಡಿ ಯಂತ್ರವು ಅಕಾರಾದಿಯನ್ನು ಜೋಡಿಸಿದರೆ ಕ್ರಮವು ಕೆಡುವುದು; ಅದಕ್ಕೆ ಪ್ರತ್ಯೇಕ ವಿಧಿಯನ್ನು ಹೇಳಿಕೊಡಬೇಕು. ಳಕಾರಾದಿ ಶಬ್ದಗಳು ನಮ್ಮಲ್ಲಿ ಇಲ್ಲವಲ್ಲಾ ಎಂದು ಸಮಾಧಾನಪಡುವವರು ‘ಕವಿ’, ‘ಕಳೆ’ ಎಂಬೆರಡು ಪದಗಳನ್ನು ಜೋಡಿಸಿ ನೋಡಬಹುದು.

ೞಕಾರದ ಕಥೆಯು ಇದಕ್ಕಿಂತಲೂ ವಿಚಿತ್ರವಾದುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳೆಂದು ವಿಂಗಡಿಸಿ ಎಚ್ಚರಿಸಿದ ಅಕ್ಷರವಿದು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಆಳ್ವಿಕೆ ನಡೆಸು, ‘ಆೞ್’ ಎಂದರೆ ಮುಳುಗು. ಕಾವ್ಯಪಾಠದಲ್ಲಿ ಇವೆರಡೂ ಒಂದಾದರೆ ಅರ್ಥವೇ ಕತ್ತಿಯ ಬಾಯಿಗೆ ಬಿದ್ದಂತೆ. ಸಂಕೇತದಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ದೊರೆಯಿತು. ಆದರೆ ನಾಗರಿಯ ಕೋಷ್ಠಕದಲ್ಲಿ ಅದಕ್ಕೆ ಸರಿಯಾದ ಸ್ಥಾನವು ಪಾರಸಿ ಶಬ್ದಗಳಲ್ಲಿ ಬರುವ ‘ಫ಼’ ಎಂಬುದರದು. ನಮ್ಮ ೞಕಾರಕ್ಕೂ ‘ಫ’ ಎಂದೇ ನಾಮಕರಣವಾಯಿತು! ೧೯೯೬ರ ಎರಡನೆಯ ಆವೃತ್ತಿಯಿಂದೀಚೆಗೆ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವುಂಟು. ಆದಕಾರಣ ತಪ್ಪು ಹೆಸರು ಹಾಗೆಯೇ ನಿಂತು, ಪಕ್ಕದಲ್ಲಿ ಸರಿಯಾದುದನ್ನು ಪರ್ಯಾಯನಾಮವಾಗಿ ಸೂಚಿಸಿರುವರು. ನಿಯಮವನ್ನು ನಾವು ದೂಷಿಸಲಾರೆವು. ಹೆಸರುಗಳು ಚಂಚಲವಾದರೆ ಅವುಗಳನ್ನು ನಂಬಿದ ತಂತ್ರಾಂಶಗಳು ಕೆಡುವುವು. ಹಳಗನ್ನಡವನ್ನು ಬಲ್ಲವನೊಬ್ಬನನ್ನು ಮೊದಲೇ ಕೇಳಿದ್ದರೆ ಸಾಕಾಗುತ್ತಿತ್ತು.

ಇನ್ನು ಕಿವಿಯಿಂದ ಓದುವವರ ವಿಷಯ. ಪರದೆಯನ್ನು ಓದಿಹೇಳುವ ತಂತ್ರಾಂಶವು ಅಕ್ಷರದ ಆಕಾರವನ್ನು ಕಾಣದು, ಸಂಖ್ಯೆಯನ್ನು ಮಾತ್ರ ಕಾಣುವುದು. ಅನುಸ್ವಾರವನ್ನೂ ಶೂನ್ಯಾಂಕವನ್ನೂ ನಾವು ‘ಸೊನ್ನೆ’ಯೆಂದೇ ಕರೆಯುತ್ತೇವೆ, ರೂಪವೂ ಒಂದೇ. ಬೆರಳಚ್ಚಿನಲ್ಲಿ ‘ಬಂದ’ ಎಂಬಲ್ಲಿ ಅಂಕೆಯ ಸೊನ್ನೆಯನ್ನು ಒತ್ತಿದರೆ ಕಣ್ಣುಳ್ಳವನಿಗೆ ದೋಷವೇ ತೋರದು. ಕೇಳುವವನಿಗೆ ಪದವೇ ಒಡೆದುಹೋಗುವುದು. ಹುಡುಕುವ ಯಂತ್ರಕ್ಕೂ ಆ ಪದವು ಸಿಕ್ಕದು. ‘ಸೂರ್ಯ’ ಎಂಬುದನ್ನು ಅರ್ಕಾವತ್ತಿನಿಂದ ಬರೆಯದೆ ರಕಾರದ ಕೆಳಗೆ ಯಕಾರದ ಒತ್ತಿನಿಂದ ಬರೆಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಅದನ್ನು ಗಣನೆಯಿಂದ ಬಿಡದ ಹುಡುಕಾಟಕ್ಕೆ ಇವೆರಡೂ ಬೇರೆ ಬೇರೆ ಪದಗಳು. ಬರೆಯುವವನ ರೂಢಿಭೇದವು ಓದುವವನಿಗೆ ಪಾಠಲೋಪವಾಗದಂತೆ ನೋಡಿಕೊಳ್ಳುವುದು ತಂತ್ರಾಂಶಕಾರನ ಹೊಣೆ. ಬಳಸುವವರೇ ಎಚ್ಚರದಿಂದಿರಲಿ ಎಂಬ ವಾದವನ್ನು ನಾವು ಒಪ್ಪುವುದಿಲ್ಲ.

ಬಳಸುವವರು ಪ್ರಮಾಣಸಮೇತವಾಗಿ ಕೇಳಿದಲ್ಲಿ ಕೊರತೆಗಳು ತುಂಬಿರುವುದೂ ಉಂಟು. ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೆ ೨೦೦೬ರಲ್ಲಿ ಸ್ಥಾನವು ದೊರೆಯಿತು. ಪ್ರಾಚೀನ ಲೇಖನಗಳಲ್ಲಿ ಸ್ವರರಹಿತ ನಕಾರವನ್ನು ಸೂಚಿಸುವ ನಕಾರಪೊಲ್ಲು ೨೦೨೧ರಲ್ಲಿ ಸೇರಿತು. ಕೊಂಕಣಿಯ ಅನುನಾಸಿಕಕ್ಕೆ ಬೇಕಾದ, ಬಲಮೇಲ್ಗಡೆ ನಿಲ್ಲುವ ಚಿಹ್ನೆಯು ೨೦೨೨ರಲ್ಲಿ ಬಂದಿತು. ಇವುಗಳನ್ನು ಅರಿಯದ ಹಳೆಯ ಅಕ್ಷರವಿನ್ಯಾಸದಲ್ಲಿ ಅಂತಹ ಪಾಠವನ್ನು ತೆರೆದರೆ ಆ ಚಿಹ್ನೆಗಳಿರಬೇಕಾದೆಡೆಯಲ್ಲಿ ಬರಿಯ ಚೌಕವು ಕಾಣಿಸುವುದು. ಸಂಪಾದಕರು ಅದನ್ನು ತ್ರುಟಿತವೆಂದು ಭಾವಿಸಿ ಪಾಠವನ್ನು ತಿದ್ದಬಾರದು.