ಇಂಗ್ಲಿಷಿಗೂ ಬೇಕು ಒಂದು ‘ಅವರು’

ಪುಣೆಯ ಕಂಪನಿಯೊಂದರಲ್ಲಿ ಸಿಬ್ಬಂದಿ ನಿಯಮಾವಳಿ ಬರೆಯುವುದು ನನ್ನ ಕೆಲಸ. ‘ಉದ್ಯೋಗಿ ತನ್ನ ಮ್ಯಾನೇಜರಿಗೆ ತಿಳಿಸಬೇಕು’ ಎನ್ನಲು ಕನ್ನಡದಲ್ಲಿ ‘ತನ್ನ’ ಸಾಕು. ಇಂಗ್ಲಿಷಿನಲ್ಲಿ ‘ಹಿಸ್’ ಎನ್ನಬೇಕೋ ‘ಹರ್’ ಎನ್ನಬೇಕೋ?

ಪುಲ್ಲಿಂಗದ ಪದದಲ್ಲಿ ಸ್ತ್ರೀಯರೂ ಸೇರುತ್ತಾರೆ ಎನ್ನುತ್ತದೆ 1897ರ ಜನರಲ್ ಕ್ಲಾಸಸ್ ಕಾಯ್ದೆ. ಆದರೆ ಸುಪ್ರೀಂ ಕೋರ್ಟ್ 2014ರಲ್ಲಿ ತೃತೀಯ ಲಿಂಗಕ್ಕೂ ಮಾನ್ಯತೆ ಕೊಟ್ಟಿದೆ. ‘ಹಿ ಆರ್ ಶಿ’ ಎಂದು ಬರೆದರೂ ಅಂಥ ಸಹೋದ್ಯೋಗಿ ನಿಯಮದ ಹೊರಗೇ ಉಳಿಯುತ್ತಾರೆ. ಹಾಗಾಗಿ ನಾನು ‘ದೇ’ ಎಂದೇ ಬರೆಯುತ್ತೇನೆ.

‘ಅದು ಬಹುವಚನವಲ್ಲವೇ?’ ಎಂದು ಹಿರಿಯರು ಹುಬ್ಬೇರಿಸುತ್ತಾರೆ. ‘ಯೂ’ ಕೂಡ ಒಂದು ಕಾಲದಲ್ಲಿ ಬಹುವಚನವೇ. ಏಕವಚನದ ‘ದೇ’ 14ನೇ ಶತಮಾನದಿಂದಲೂ ಬಳಕೆಯಲ್ಲಿದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನೇ ವರ್ಷದ ಪದವಾಗಿ ಆರಿಸಿತು.

ನಮಗಂತೂ ಇದು ಹೊಸದಲ್ಲ. ‘ಡಾಕ್ಟರು ಬಂದರು, ಅವರು ಕರೆಯುತ್ತಿದ್ದಾರೆ’ ಎಂದರೆ ಗಂಡೋ ಹೆಣ್ಣೋ, ಒಬ್ಬರೋ ಇಬ್ಬರೋ ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಒಂದೇ ವ್ಯತ್ಯಾಸ: ನಮ್ಮ ‘ಅವರು’ ಸಾಹೇಬರಿಗೆ ಸಿಗುತ್ತದೆ, ಚಹಾ ತಂದುಕೊಡುವವನು ‘ಅವನು’ ಆಗಿಯೇ ಉಳಿಯುತ್ತಾನೆ. ‘ದೇ’ಗೆ ಆ ಭೇದವಿಲ್ಲ. ಇಂಗ್ಲಿಷಿಗೆ ನಾವು ಧೈರ್ಯ ಹೇಳಬಹುದು; ಅದರಿಂದ ಇಷ್ಟನ್ನು ಕಲಿಯಲೂಬಹುದು.