ಅಪ್ಪನಿಗೆ ಬೋಟಿ, ತಾತನಿಗೆ ಬೀಡಿ. ಅವ್ವನ ಎಲೆಗೆ ಏನು?

ಪಿತೃಪಕ್ಷ ಬಂತೆಂದರೆ ಮಂಡ್ಯ ಸೀಮೆಯ ದಿನಸಿ ಅಂಗಡಿಯವರಿಗೆ ಗಿರಾಕಿಯ ಚೀಟಿ ನೋಡಿದರೆ ಸಾಕು, ಆ ಮನೆಯಲ್ಲಿ ತೀರಿಕೊಂಡವರ ನಾಲಗೆ ಎಂಥದಿತ್ತು ಎಂಬುದು ಗೊತ್ತಾಗಿಬಿಡುತ್ತದೆ. ಅಕ್ಕಿ, ಬೆಲ್ಲ, ಎಳ್ಳು, ಕಡಲೆಬೇಳೆ, ಎಣ್ಣೆ ಎಲ್ಲ ಬರೆದಾದ ಮೇಲೆ ಚೀಟಿಯ ಕೊನೆಯಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಹೊಗೆಸೊಪ್ಪು, ಚಿಟಿಕೆ ನಶ್ಯ. ಚೀಟಿ ತಂದವನು ಇನ್ನೂ ಮೀಸೆ ಬಾರದ ಹುಡುಗ. "ತಾತಂಗೆ ಕಣಣ್ಣ, ಎಡೆಗೆ ಇಕ್ಕಕ್ಕೆ" ಅಂದರೆ ಮುಗಿಯಿತು, ಅಂಗಡಿಯವರು ಮರುಮಾತಾಡದೆ ಕಟ್ಟಿಕೊಡುತ್ತಾರೆ. ಅವರ ಮನೆಯಲ್ಲೂ ನಡೆಯುವುದು ಅದೇ ತಾನೆ!

ಭಾದ್ರಪದ ಬಹುಳದ ಹದಿನೈದು ದಿನ ಪಿತೃಪಕ್ಷ. ಕೊನೆಯ ದಿನ ಮಹಾಲಯ ಅಮಾವಾಸ್ಯೆ. ಆ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮಗಳಲ್ಲಿ ಪಿಂಡ, ತರ್ಪಣ ಬಿಡುವವರ ನೂಕುನುಗ್ಗಲು. ಶಾಸ್ತ್ರದ ಶ್ರಾದ್ಧ ಮಾಡುವ ಮನೆಗಳಲ್ಲಿ ಅಡಿಗೆಗೂ ಕಟ್ಟುಪಾಡುಂಟು. ಆಲೂಗಡ್ಡೆ, ಟೊಮೇಟೊ, ಕೋಸು ಎಷ್ಟೋ ಮನೆಗಳಲ್ಲಿ ಒಲೆಯ ಹತ್ತಿರ ಸುಳಿಯುವಂತಿಲ್ಲ. ಆದರೆ ಎಡೆ ಇಡುವ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಪಟ್ಟಿ ಬರೆಯುವವನು ಪುರೋಹಿತನಲ್ಲ, ಸತ್ತವನೇ!

ಬಾಗಿಲು ಮುಚ್ಚುವ ಗಳಿಗೆ

ಮನೆ ಸಾರಿಸಿ, ನಡುಮನೆಯಲ್ಲಿ ಕಳಶ ಇಟ್ಟು, ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಮುಂದೆ ಬಾಳೆ ಎಲೆ ಹಾಕುತ್ತಾರೆ. ಕಜ್ಜಾಯ, ವಡೆ, ಚಕ್ಕುಲಿ, ಪಾಯಸ ಎಲ್ಲರಿಗೂ ಸಮ. ಮಾಂಸ ತಿನ್ನುವ ಮನೆಯಾದರೆ ಅದರ ಮೇಲೆ ಒಬ್ಬೊಬ್ಬರ ಪಾಲಿನದು ಬರುತ್ತದೆ. ಅಪ್ಪನಿಗೆ ಬೋಟಿ ಗೊಜ್ಜು, ದೊಡ್ಡಪ್ಪನಿಗೆ ತಲೆಮಾಂಸ, ಮೀನು ಬಿಟ್ಟರೆ ಬೇರೇನೂ ಮುಟ್ಟದಿದ್ದ ಮಾವನಿಗೆ ಮೀನೇ. ಮಾಂಸ ಮುಟ್ಟದ ಮನೆಗಳಲ್ಲಿ ಕಡುಬೋ, ಹೋಳಿಗೆಯೋ, ಮದ್ದೂರು ವಡೆಯೋ ಆ ಜಾಗಕ್ಕೆ ಬರುತ್ತದೆ.

ಆಮೇಲೆ ಧೂಪ. ಮನೆ ಯಜಮಾನನಿಂದ ಹಿಡಿದು ಕಂಕುಳಿನ ಕೂಸಿನವರೆಗೆ ಎಲ್ಲರ ಕೈಯಿಂದಲೂ ಕೆಂಡಕ್ಕೆ ಸಾಂಬ್ರಾಣಿ. ಅದಾದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಗದ್ದಲ ಮಾಡದೆ ಜಗಲಿಯ ಮೇಲೆ ಕೂರುತ್ತಾರೆ. ಇಷ್ಟು ಹೊತ್ತು ಕುರುಕಲಿಗೆ ರಂಪ ಮಾಡಿದ ಮಕ್ಕಳೂ ಆಗ ಗಪ್‌ಚಿಪ್. ಕಾಗೆಗೆ ಒಂದು ಪಾಲು ಹೋದ ಮೇಲೆಯೇ ಮನೆಮಂದಿಗೆ ಎಲೆ.

ಊಟದ ರುಚಿ ಇರುವುದು ಆಗಲೇ. "ನಿಮ್ಮ ತಾತ ಹಿಂಗೇ ಮೂಳೆ ಕುಟ್ಟಿ ಕುಟ್ಟಿ ಚೀಪ್ತಿದ್ದ" ಎಂದು ಒಬ್ಬರು ತೆಗೆದರೆ, ಮತ್ತೊಬ್ಬರು ಇನ್ನೊಂದು ಪುರಾಣ ಬಿಚ್ಚುತ್ತಾರೆ. ತಾತನ ಮುಖ ಕಾಣದ ಮೊಮ್ಮಗನಿಗೂ ತಾತ ಯಾರೆಂಬುದು ಹಾಗೆ ತಿಳಿಯುತ್ತದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬರುವವರು ಬರುವುದು ಮುಖ್ಯವಾಗಿ ಇದಕ್ಕೇ.

ಸರ್ಕಾರ ನಿಲ್ಲಿಸಿದರೂ

ಎಲೆಯ ಮೇಲಿನ ಪದಾರ್ಥಕ್ಕೆ ಕಾಲದ ಪೆಟ್ಟು ಬೀಳದೆ ಇಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಸಾರಾಯಿ ಕುಡಿದೇ ಕಾಲ ಕಳೆದವರ ಎಡೆಗೆ ಅಂದಿನಿಂದ ಅದು ಸಿಗದಂತಾಗಿ, ಆ ಜಾಗಕ್ಕೆ ಕ್ವಾರ್ಟರ್ ಬಾಟಲಿ ಬಂದು ಕೂತಿತು. "ನಮ್ಮಪ್ಪ ಬದುಕಿದ್ದಾಗ ಇಂಥ ಮಾಲು ಕಂಡೋನೇ ಅಲ್ಲ" ಎಂದು ಮಕ್ಕಳು ನಗುವುದುಂಟು.

2024ರಲ್ಲಂತೂ ಮಹಾಲಯ ಅಮಾವಾಸ್ಯೆ ಸರಿಯಾಗಿ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ಬಂತು. ಮದ್ಯದ ಅಂಗಡಿಗೆ ಬೀಗ. ಬೆಂಗಳೂರಿನಂಥ ಕಡೆ ಮಾಂಸದ ಅಂಗಡಿಗೂ ಬೀಗ. ಅಪ್ಪನ ಇಷ್ಟ ನಡೆಸಬೇಕೋ, ಮಹಾತ್ಮನ ಮಾತು ನಡೆಸಬೇಕೋ ಎಂಬ ಧರ್ಮಸಂಕಟ! ತಿಳಿದವರು ಹಿಂದಿನ ದಿನವೇ ಕೊಂಡಿಟ್ಟರು.

ಇನ್ನೊಂದು ವಿಚಿತ್ರವೂ ಇದೆ. ಸಕ್ಕರೆ ಕಾಯಿಲೆಯಿಂದ ಹೋದವರ ಎಲೆಗೆ ಎರಡು ಕಜ್ಜಾಯ ಜಾಸ್ತಿ. ಬೀಡಿಯಿಂದಲೇ ಎದೆ ಕೆಟ್ಟು ಹೋದವರಿಗೆ ಮತ್ತೆ ಬೀಡಿ. ಇದೇನು ನ್ಯಾಯ ಎಂದು ಓದಿದ ಮಕ್ಕಳು ಕೇಳುತ್ತಾರೆ. ಕಡೆಗಾಲದಲ್ಲಿ ಡಾಕ್ಟರ ಮಾತು ಕೇಳಿ ತಟ್ಟೆಯಿಂದ ಕಿತ್ತುಕೊಂಡವರಿಗೆ ಮಾತ್ರ ಅದು ಯಾಕೆಂದು ಗೊತ್ತು. ಕೊಡದಿದ್ದುದು ಸರಿಯೇ. ಸರಿಯಾದರೂ ಅದು ಮನಸ್ಸಿನಲ್ಲಿ ಉಳಿದಿರುತ್ತದೆ. ಈಗ ಇಡುವುದಕ್ಕೆ ಯಾವ ಡಾಕ್ಟರ ಅಡ್ಡಿಯೂ ಇಲ್ಲ.

ತೊಡಕು ಇರುವುದು ಇಲ್ಲಿ

ಇಷ್ಟೆಲ್ಲ ಗಂಡಸರ ಲೆಕ್ಕ. ಹೆಂಗಸರ ಎಲೆಗೆ ಬಂದರೆ ಮನೆಯವರ ಬಾಯಿ ಕಟ್ಟುತ್ತದೆ.

ಸೀರೆ ಇಡುತ್ತಾರೆ. ಬಳೆ, ಹೂವು, ಅರಿಶಿನ, ಕುಂಕುಮ ಇಡುತ್ತಾರೆ. ಮುತ್ತೈದೆಯಾಗಿ ಹೋದವರಿಗೆಂದೇ ಪಕ್ಷದ ನಡುವೆ ಅವಿಧವಾ ನವಮಿ ಎಂಬ ದಿನವೂ ಉಂಟು. ಆದರೆ ತಿನ್ನಲು ಏನಿಡಬೇಕು? ಅವ್ವನಿಗೆ ಏನು ಇಷ್ಟ? ಎಲೆ ಅಡಿಕೆ ಅಗಿಯುತ್ತಿದ್ದರೆ ಪುಣ್ಯ, ಅದಾದರೂ ಸಿಕ್ಕಿತು. ಇಲ್ಲವಾದರೆ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಪ್ಪನಿಗೆ ಬೋಟಿಗೆ ಕಾರ ಎಷ್ಟಿರಬೇಕು ಎಂಬುದು ಸೊಸೆಗೂ ಗೊತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಅವ್ವನ ವಿಷಯ ಗೊತ್ತಿಲ್ಲ.

ಗೊತ್ತಾಗುವುದಾದರೂ ಹೇಗೆ? ಅವಳು ಉಣ್ಣುತ್ತಿದ್ದುದು ಎಲ್ಲರದೂ ಆದ ಮೇಲೆ. ಸಾರಿನಲ್ಲಿ ತುಂಡು ಉಳಿದಿದ್ದರೆ ತುಂಡು, ಇಲ್ಲವಾದರೆ ಬರೀ ಸಾರು. ಬೆಳಿಗ್ಗೆ ತಂಗಳು ಮುದ್ದೆಗೆ ಮಜ್ಜಿಗೆ. "ಅವ್ವಂಗೆ ತಂಗಳು ಅಂದ್ರೆ ಪ್ರಾಣ" ಎಂದು ಮಕ್ಕಳು ಹೇಳಿಕೊಳ್ಳುವುದುಂಟು. ಅದು ಅವಳ ಇಷ್ಟವೋ, ಬಿಸಾಡಬಾರದೆಂದು ತಿಂದದ್ದೋ? ಎಡೆಯ ಮುಂದೆ ಕೂತು ಯೋಚಿಸಿದರೆ ಯಾರಿಗೂ ಗಂಟಲು ಹಿಡಿಯುವ ಪ್ರಶ್ನೆ ಅದು.

ಕೆಲವು ಮನೆಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಅವ್ವನ ತವರಿನಿಂದ. ಹಬ್ಬಕ್ಕೆ ಬಂದ ಚಿಕ್ಕವ್ವನೋ, ಸೋದರಮಾವನೋ ಬಾಯಿ ಬಿಡುತ್ತಾರೆ. "ನಿಮ್ಮವ್ವ ಮದ್ವೆಗೆ ಮುಂಚೆ ಕಡ್ಲೆಪುರಿ, ಬೆಂಡು ಬತ್ತಾಸು ಅಂದ್ರೆ ಜಾತ್ರೆಲೆಲ್ಲ ಹಟ ಮಾಡ್ತಿದ್ಲು ಕಣ್ರಪ್ಪ." ನಾಲ್ಕು ಹೆತ್ತು, ಹತ್ತು ಮೊಮ್ಮಕ್ಕಳನ್ನು ಕಂಡು ಹೋದವಳು ಬತ್ತಾಸಿಗೆ ಹಟ ಮಾಡಿದ್ದಳೇ! ಹತ್ತು ರೂಪಾಯಿಯ ಮಾತು. ಒಬ್ಬರಾದರೂ ಜಾತ್ರೆಯಿಂದ ತಂದುಕೊಡಲಿಲ್ಲ, ಯಾಕೆಂದರೆ ಒಬ್ಬರೂ ಕೇಳಲಿಲ್ಲ. ಆ ವರ್ಷದಿಂದ ಎಲೆಯ ಮೇಲೆ ಬತ್ತಾಸು ಬೀಳುತ್ತದೆ.

ತವರಿನ ಆ ತಲೆಗಳೂ ಉರುಳುತ್ತಿವೆ. ಅವರು ಹೋದರೆ ಈ ಗುಟ್ಟೂ ಅವರ ಜೊತೆಗೇ ಹೋಯಿತು.

ಕೇಳಲು ಕಾಸು ಬೇಡ

ಸತ್ತವರ ಇಷ್ಟವನ್ನು ವರ್ಷಕ್ಕೊಮ್ಮೆ ಇಷ್ಟು ಶ್ರದ್ಧೆಯಿಂದ ನಡೆಸುವ ಸೀಮೆ ಇದು. ಅದರ ಬಗ್ಗೆ ತಕರಾರಿಲ್ಲ. ಆದರೆ ಪಕ್ಷದ ದಿನ ನಸುಕಿಗೇ ಎದ್ದು, ಎಡೆ ಇಡುವವರೆಗೂ ಬಾಯಿಗೆ ಏನೂ ಹಾಕದೆ, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕಜ್ಜಾಯ ಬೇಯಿಸುವವಳೂ ಒಬ್ಬಳಿದ್ದಾಳಲ್ಲ, ಅವಳಿಗೆ ಏನು ಇಷ್ಟ ಎಂದು ಆ ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ದಿನದ ಊಟದಲ್ಲಿ ಅವಳ ಪಾಲಿನದೂ ಒಂದು ಬೇಯಲಿ. ಬೇರೆಯವರು ಬಡಿಸಿ ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಿ. ಹಿರಿಯರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೇಳಿದರೆ ಮೊದಲ ಸಲ ಹೇಳುವುದು ಒಂದೇ ಮಾತು: "ನಂಗೇನು ಬುಡಿ, ಏನಿದ್ರೂ ಆಯ್ತದೆ." ಅಷ್ಟಕ್ಕೇ ಸುಮ್ಮನಾಗಬಾರದು. ಎರಡನೇ ಸಲವೂ ಕೇಳಬೇಕು.