ಬಿಡದ ಜ್ವರ, ಪತ್ತೆಯಾಗದ ಸೂಕ್ಷ್ಮಾಣು

ಪುಣೆಯ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ತಲೆಯೆತ್ತಿತು. ಪೆನಿಸಿಲಿನ್ಅನ್ನು ನಮ್ಮಲ್ಲೇ ತಯಾರಿಸುವುದು ಅದರ ಗುರಿ. ಆ ಔಷಧ ಬರುವವರೆಗೆ ಹೃದಯದ ಕವಾಟಕ್ಕೆ ಸೋಂಕು ತಗುಲಿದವರು ಉಳಿಯುವುದೇ ಅಪರೂಪವಾಗಿತ್ತು. 1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನಲ್ಲಿ ಈ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟಾಗ ಅದಕ್ಕೆ ಮದ್ದೇ ಇರಲಿಲ್ಲ.

ಸೋಂಕು ಎಷ್ಟೋ ಸಲ ಬಾಯಿಂದಲೇ ಹೊರಡುತ್ತದೆ. ವಸಡು ಊದಿಕೊಂಡಿದ್ದರೆ ಹಲ್ಲುಜ್ಜುವಾಗಲೂ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಸಾಮಾನ್ಯವಾಗಿ ದೇಹ ಅವನ್ನು ಬೇಗನೆ ತೊಡೆದುಹಾಕುತ್ತದೆ. ಆದರೆ ಬಾಲ್ಯದ ಗಂಟಲು ನೋವು, ಅದರ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸಿದ್ದರೆ, ಅಥವಾ ಕೃತಕ ಕವಾಟ ಕೂರಿಸಿದ್ದರೆ, ಅವು ಅಲ್ಲಿ ಅಂಟಿಕೊಂಡು ಗಂಟು ಕಟ್ಟುತ್ತವೆ. ಆ ಗಂಟಿನ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು.

ಬಾಯಿಂದ ಬರುವವುಗಳಲ್ಲಿ ಹೆಚ್ಚಿನವು ಸ್ಟ್ರೆಪ್ಟೊಕಾಕಸ್ ಜಾತಿಯವು. ಅವಲ್ಲದೆ ಅಪರೂಪಕ್ಕೆ ಸಿಗುವ ಗುಂಪೊಂದಿದೆ: ಹಿಮೋಫಿಲಸ್, ಅಗ್ರಿಗೇಟಿಬ್ಯಾಕ್ಟರ್, ಕಾರ್ಡಿಯೋಬ್ಯಾಕ್ಟೀರಿಯಂ, ಐಕೆನೆಲ್ಲಾ, ಕಿಂಗೆಲ್ಲಾ. ಐದರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ವೈದ್ಯರು ಇವನ್ನು 'ಹೇಸೆಕ್' ಎನ್ನುತ್ತಾರೆ. ಆರೋಗ್ಯವಂತರ ಬಾಯಿ, ಗಂಟಲಿನಲ್ಲೂ ತಣ್ಣಗೆ ಇರುವಂಥವು. ಕವಾಟ ಹಿಡಿದರೂ ಇವುಗಳ ಕೆಲಸ ನಿಧಾನ: ವಾರಗಟ್ಟಲೆ ಸಣ್ಣ ಜ್ವರ, ರಾತ್ರಿ ಬೆವರು, ಸುಸ್ತು, ಇಳಿಯುವ ತೂಕ. ಟೈಫಾಯ್ಡೋ ಕ್ಷಯವೋ ಎಂದು ಮನೆಯವರು ಗಾಬರಿಯಾಗುವುದು ಸಹಜ.

ಪ್ರಯೋಗಾಲಯದಲ್ಲೂ ಇವು ಸುಲಭಕ್ಕೆ ಬೆಳೆಯವು. ಬೇರೆ ಬೇರೆ ಕಡೆ ಸೂಜಿ ಚುಚ್ಚಿ, ಸಾಮಾನ್ಯವಾಗಿ ಮೂರು ಸಲ, ರಕ್ತ ತೆಗೆದು ಬ್ಲಡ್ ಕಲ್ಚರ್ ಬಾಟಲಿಗೆ ತುಂಬುತ್ತಾರೆ. ಇವಕ್ಕೆ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚು ಬೇಕು. ಅದಕ್ಕೆಂದೇ ಹಿಂದಿನವರು ಮುಚ್ಚಿದ ಜಾಡಿಯೊಳಗೆ ಮೇಣದಬತ್ತಿ ಹಚ್ಚಿ ತಟ್ಟೆಗಳನ್ನು ಇಡುತ್ತಿದ್ದರು. ಐಕೆನೆಲ್ಲಾ ಬೆಳೆದರೆ ಅಗಾರ್ ಮೇಲೆ ಸಣ್ಣ ಗುಳಿ ಬೀಳುವುದುಂಟು, ಬ್ಲೀಚಿಂಗ್ ಪುಡಿಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಇಂದಿನ ಸ್ವಯಂಚಾಲಿತ ಯಂತ್ರಗಳಲ್ಲಿ ಹೆಚ್ಚಿನವು ಐದು ದಿನದೊಳಗೆ ಸಿಕ್ಕಿಬೀಳುತ್ತವೆ.

ಸಿಗದಿರುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣವೇ ಬೇರೆ. ಪುಣೆಯಿರಲಿ, ಬೆಳಗಾವಿಯಿರಲಿ, ಜ್ವರ ಬಂತೆಂದರೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವ ರೂಢಿ. ಅರೆಬರೆ ಮಾತ್ರೆಗೆ ಜ್ವರ ತುಸು ತಗ್ಗುತ್ತದೆ, ಕವಾಟದ ಗಂಟು ಅಲ್ಲೇ ಇರುತ್ತದೆ, ರಕ್ತದ ಬಾಟಲಿಯಲ್ಲಿ ಮಾತ್ರ ಏನೂ ಬೆಳೆಯುವುದಿಲ್ಲ. ಆಮೇಲೆ ಹೃದಯದ ಎಕೋ ಸ್ಕ್ಯಾನ್‌ನಲ್ಲಿ ಗಂಟು ಕಂಡರೂ ಅದನ್ನು ಕಟ್ಟಿದ್ದು ಯಾವ ಸೂಕ್ಷ್ಮಾಣು ಎಂದು ತಿಳಿಯದೆ ವೈದ್ಯರು ಅಂದಾಜಿನ ಮೇಲೆ ಔಷಧ ಆರಿಸಬೇಕಾಗುತ್ತದೆ. ಕವಾಟದ ತೊಂದರೆ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಮೊದಲು ಕಲ್ಚರ್, ಆಮೇಲೆ ಮಾತ್ರೆ. ಈ ಒಂದು ಕ್ರಮ ತಪ್ಪಬಾರದು.

ಹೇಸೆಕ್ ಗುಂಪಿನ ಕೆಲವು ಈಗ ಪೆನಿಸಿಲಿನ್ಅನ್ನೇ ಮುರಿಯುವ ಕಿಣ್ವ ತಯಾರಿಸುತ್ತವೆ. ಹಾಗಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ: ಸ್ವಂತ ಕವಾಟವಾದರೆ ನಾಲ್ಕು ವಾರ, ಕೃತಕ ಕವಾಟವಾದರೆ ಆರು ವಾರ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ.

ಹಲ್ಲಿನ ಚಿಕಿತ್ಸೆಗೆ ಮುಂಚೆ ಆ್ಯಂಟಿಬಯಾಟಿಕ್ ಎಲ್ಲ ಹೃದ್ರೋಗಿಗಳಿಗೂ ಬೇಡ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲೇ ಅದನ್ನು ಕೃತಕ ಕವಾಟದವರು, ಈ ಸೋಂಕು ಹಿಂದೊಮ್ಮೆ ಬಂದುಹೋದವರು ಮುಂತಾದ ಕೆಲವರಿಗಷ್ಟೇ ಸೀಮಿತಗೊಳಿಸಿತು. ಅಂಥವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಕವಾಟದ ವಿಷಯ ಹೇಳಲೇಬೇಕು. ಉಳಿದವರು ವಸಡಿನಿಂದ ರಕ್ತ ಬರುತ್ತಿದ್ದರೆ ವರ್ಷಗಟ್ಟಲೆ ಹಾಗೇ ಬಿಡದೆ ತೋರಿಸಿಕೊಳ್ಳಬೇಕು.